ಜಪಾನಿನ ಬಂಡಿಗಳಲ್ಲಿ ಹತ್ತು ದಿನ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಜೀವಮಾನವನ್ನೆಲ್ಲ ಪಾಠಶಾಲೆಯಲ್ಲಿ ಹುಡುಗರಿಂದ ಶಬ್ದವನ್ನೂ ಧಾತುವನ್ನೂ ಒಪ್ಪಿಸಿಕೊಳ್ಳುತ್ತ ಕಳೆದ ನಮಗೆ ಕೋಶದ ಋಣವೇ ಹೆಚ್ಚಾಗಿದ್ದು, ದೇಶ ಸುತ್ತುವ ಯೋಗವು ವಿಶ್ರಾಂತಿವೇತನಕ್ಕೆ ಬಂದ ಮೇಲೆಯೇ ಒದಗಿತು. ೨೦೨೪ನೆಯ ಇಸವಿ ನವೆಂಬರ್ ತಿಂಗಳಲ್ಲಿ ನಾವೂ ನಮ್ಮ ಮನೆಯಾಕೆಯೂ ಹತ್ತು ದಿನಗಳ ಮಟ್ಟಿಗೆ ಜಪಾನ್ ದೇಶಕ್ಕೆ ಹೋಗಿಬಂದೆವು. ಮಗಳೂ ಅಳಿಯನೂ ಟೋಕಿಯೋ ನಗರದ ಪೂರ್ವಭಾಗದಲ್ಲಿ, ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯಿ ಎಂಬ ಪೇಟೆಯಲ್ಲಿ ವಾಸವಾಗಿದ್ದಾರೆ. ಇಬ್ಬರೂ ಬೆಳಗ್ಗೆ ಕಚೇರಿಗೆ ಹೊರಟರೆ ದೀಪ ಹಚ್ಚಿದ ಮೇಲೆ ಮರಳುವವರು.

“ಅಪ್ಪ, ಶನಿವಾರ ಭಾನುವಾರ ನಾವೇ ಕರೆದುಕೊಂಡು ಹೋಗುತ್ತೇವೆ. ಮಿಕ್ಕ ದಿನ ನೀವಿಬ್ಬರೇ ಹೊರಗೆ ಹೋಗಬೇಡಿ. ಇಲ್ಲಿ ಭಾಷೆ ಬಾರದೆ ದಾರಿ ತಪ್ಪಿದರೆ ನನಗೆ ಕಚೇರಿಯಲ್ಲಿ ಕೈಕಾಲು ಆಡುವುದಿಲ್ಲ” ಎಂದು ಮಗಳು ಬಂದ ದಿನವೇ ಹೇಳಿದಳು. ಆಕೆಯ ಕಳವಳವು ಸಹಜವಾದುದೇ. ಆದರೆ ಹತ್ತು ದಿನಗಳಲ್ಲಿ ಆರು ದಿನ ಕಿಟಕಿಯ ಬಳಿ ಕುಳಿತು ಪರರ ಮಹಡಿಯಲ್ಲಿ ಒಣಗುವ ಬಟ್ಟೆಯನ್ನು ಎಣಿಸುವುದಕ್ಕೆ ಸಮುದ್ರೋಲ್ಲಂಘನವೇಕೆ? ಬೆರಳು ಹಿಡಿದು ನಾವು ನಡೆಯಿಸಿದ ಮಗುವು ಈಗ ನಮ್ಮ ಬೆರಳನ್ನು ಹಿಡಿಯಬೇಕೆನ್ನುವಾಗ ಮುದುಕರ ಮನಸ್ಸಿನಲ್ಲಿ ಸಂತೋಷವೂ ಕೊಂಚ ನೋವೂ ಒಟ್ಟಿಗೆ ಆಗುವುವು. ಎರಡು ದಿನ ಆಕೆಯ ಮಾತನ್ನು ಕೇಳಿ, ಮೂರನೆಯ ದಿನ ನಾವಿಬ್ಬರೂ ಹೊರಟೆವು.

ಜಪಾನಿನ ದೇವಾಲಯಗಳನ್ನೂ ಉದ್ಯಾನಗಳನ್ನೂ ಕುರಿತು ಬರೆದವರು ಅನೇಕರಿದ್ದಾರೆ. ಒಂದೆಡೆಯಿಂದ ಮತ್ತೊಂದೆಡೆಗೆ ಹೋಗುವ ಬಗೆ ಹೇಗೆ, ಅದರಲ್ಲಿ ನಾವು ಕಲಿತುದೇನು, ತಪ್ಪಿದುದೆಲ್ಲಿ ಎಂಬಷ್ಟನ್ನು ಮಾತ್ರ ವಾಚಕರ ಮುಂದಿಡಲು ಈ ಲೇಖನವನ್ನು ಬರೆದಿದ್ದೇವೆ. ಮಕ್ಕಳ ಮನೆಗೆಂದು ಸಮುದ್ರ ದಾಟುವ ತಾಯಿತಂದೆಗಳು ಈಗ ನಮ್ಮಲ್ಲಿ ಬಹುಮಂದಿ ಇರುವುದರಿಂದ ಇದು ಉಪಯೋಗಕ್ಕೆ ಬಂದೀತು.

ಬಂಡಿಗಳ ಬಾಹುಳ್ಯ

ಜಪಾನಿನಲ್ಲಿ ಮೊದಲ ರೈಲುಬಂಡಿಯು ೧೮೭೨ರಲ್ಲಿ ಟೋಕಿಯೋದ ಶಿಂಬಾಶಿಯಿಂದ ಯೊಕೊಹಾಮಾ ಬಂದರಿಗೆ ಓಡಿತು. ನಮ್ಮ ದೇಶದಲ್ಲಿ ಮುಂಬಯಿಯಿಂದ ಠಾಣೆಗೆ ಬಂಡಿ ಓಡಿದ್ದು ೧೮೫೩ರಲ್ಲಿ. ಆದ್ದರಿಂದ ಈ ವಿದ್ಯೆಯಲ್ಲಿ ನಾವು ಅವರಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರು. ಹಿರಿತನವು ವಯಸ್ಸಿನಿಂದಲೇ ಬರುವುದಿಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ನಮ್ಮವರು ಮೊದಲು ತಿಳಿಯಬೇಕಾದ ಸಂಗತಿಯೇನೆಂದರೆ, ಅಲ್ಲಿನ ರೈಲುಗಳೆಲ್ಲ ಒಂದೇ ಆಡಳಿತಕ್ಕೆ ಸೇರಿದವಲ್ಲ. ಸರ್ಕಾರದ ರೈಲ್ವೆಯನ್ನು ೧೯೮೭ರಲ್ಲಿ ಒಡೆದು, ಪ್ರಯಾಣಿಕರಿಗಾಗಿ ಆರು ಪ್ರಾಂತ್ಯಗಳ ಆರು ಕಂಪೆನಿಗಳನ್ನೂ ಸರಕಿಗಾಗಿ ಒಂದು ಕಂಪೆನಿಯನ್ನೂ ಮಾಡಿದರು. ಇವನ್ನು ಜೆ.ಆರ್. ಎಂದು ಕರೆಯುವರು. ಇವಲ್ಲದೆ ಬೇರೆ ಖಾಸಗಿ ಕಂಪೆನಿಗಳ ರೈಲುಗಳು ಅನೇಕ. ಟೋಕಿಯೋದಲ್ಲಿ ನೆಲದೊಳಗೆ ಓಡುವ ಮಾರ್ಗಗಳು ಹದಿಮೂರು. ಅವುಗಳಲ್ಲಿ ಒಂಬತ್ತು ಒಂದು ಸಂಸ್ಥೆಗೂ ನಾಲ್ಕು ನಗರಾಡಳಿತಕ್ಕೂ ಸೇರಿವೆ. ಏಷ್ಯಾಖಂಡದಲ್ಲಿಯೇ ಮೊದಲನೆಯದಾದ ಸುರಂಗರೈಲು ೧೯೨೭ರಲ್ಲಿ ಇದೇ ನಗರದ ಊಯೆನೋ ಮತ್ತು ಅಸಾಕುಸಾಗಳ ನಡುವೆ ಹುಟ್ಟಿದ್ದು. ಒಂದು ಸಂಸ್ಥೆಯ ಟಿಕೆಟ್ಟು ಸಾಮಾನ್ಯವಾಗಿ ಇನ್ನೊಂದರ ಬಾಗಿಲಲ್ಲಿ ನಡೆಯದು. ಒಂದೇ ಹೆಸರಿನ ನಿಲ್ದಾಣದಲ್ಲಿ ಎರಡು ಮೂರು ಸಂಸ್ಥೆಗಳ ಬಾಗಿಲುಗಳು ಬೇರೆ ಬೇರೆ ಇರುವುವು. ಶಿಂಜುಕು ಎಂಬ ನಿಲ್ದಾಣವು ಜಗತ್ತಿನಲ್ಲಿಯೇ ಅತ್ಯಂತ ಜನಸಂದಣಿಯುಳ್ಳದ್ದೆಂದು ಪ್ರಸಿದ್ಧವಾಗಿದೆ. ಅದರ ನಿರ್ಗಮದ್ವಾರಗಳು ಇನ್ನೂರಕ್ಕೂ ಮಿಗಿಲು. ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವುದು ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ, ಇಲ್ಲಿಯೂ ಹಾಗೆಯೇ. ಯಾವ ಊರಿಗೆ ಹೋಗಬೇಕೆಂಬುದರ ಜೊತೆಗೆ ಯಾವ ದ್ವಾರದಿಂದ ಹೊರಡಬೇಕೆಂಬುದನ್ನೂ ಮನೆಯಲ್ಲಿಯೇ ಬರೆದುಕೊಂಡು ಹೊರಡತಕ್ಕದ್ದು.

ಅರವತ್ತರಲ್ಲಿ ಅಕ್ಷರಾಭ್ಯಾಸ

ಅಲ್ಲಿನ ಬರವಣಿಗೆಯನ್ನು ಕಂಡು ಮೊದಲ ದಿನ ನಮಗೆ ಎದೆಗುಂದಿತು. ಚೀನೀ ಲಿಪಿಯ ಸಾವಿರಾರು ಚಿತ್ರಾಕ್ಷರಗಳನ್ನು ಹತ್ತು ದಿನದಲ್ಲಿ ಕಲಿಯುವುದು ಅಸಾಧ್ಯ. ಆದರೆ ಅವುಗಳ ಸಂಗಡ ‘ಹಿರಗಾನ’ ಎಂಬ ಉಚ್ಚಾರಣಾನುಸಾರಿಯಾದ ಲಿಪಿಯೊಂದುಂಟು. ಅದರ ಮೂಲಾಕ್ಷರಗಳು ನಾಲ್ವತ್ತಾರೇ. ಅಳಿಯನು ಅದರ ಕೋಷ್ಟಕವನ್ನು ತೋರಿಸಿದಾಗ ನಮಗೆ ಆದ ಆಶ್ಚರ್ಯವನ್ನು ಹೇಳತೀರದು. ಮೊದಲ ಸಾಲು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯಲ್ಲದೆ ಮತ್ತೇನು! ಸ್ವರಗಳು ಮೊದಲು, ಬಳಿಕ ಕಂಠ್ಯ, ಚವರ್ಗದ ಸ್ಥಾನದಲ್ಲಿ ಸಕಾರ, ದಂತ್ಯ, ಓಷ್ಠ್ಯ, ಕಡೆಗೆ ಅಂತಸ್ಥಗಳು. ಹಕಾರವು ಪವರ್ಗದ ಸ್ಥಾನದಲ್ಲಿ ಕುಳಿತಿರುವುದೇಕೆಂದರೆ, ಪುರಾತನ ಕಾಲದಲ್ಲಿ ಅದರ ಉಚ್ಚಾರಣೆ ಪಕಾರವೇ ಆಗಿತ್ತಂತೆ. ಬೌದ್ಧಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತದ ಸಿದ್ಧಂ ಲಿಪಿಯನ್ನು ಅಭ್ಯಾಸಮಾಡಿದ ಫಲವಾಗಿ ಈ ಕ್ರಮವು ಅಲ್ಲಿ ನೆಲೆಗೊಂಡಿತೆಂದು ವಿದ್ವಾಂಸರು ಹೇಳುತ್ತಾರೆ. ಪರದೇಶದ ಪಾಠಶಾಲೆಯಲ್ಲಿ ನಮ್ಮ ಅಜ್ಜಿಯ ಧ್ವನಿಯನ್ನು ಕೇಳಿದಂತಾಯಿತು.

ಎರಡು ರಾತ್ರಿಯಲ್ಲಿ ಆ ಅಕ್ಷರಗಳನ್ನು ಕಂಠಪಾಠಮಾಡಿದೆವು. ನಿಲ್ದಾಣದ ಫಲಕಗಳಲ್ಲಿ ಊರಿನ ಹೆಸರನ್ನು ಚೀನೀ ಅಕ್ಷರದಲ್ಲಿಯೂ ಹಿರಗಾನದಲ್ಲಿಯೂ ರೋಮನ್ ಅಕ್ಷರದಲ್ಲಿಯೂ ಬರೆದಿರುವರು. ಕೆಳಗೆ ಹಿಂದಿನ ನಿಲ್ದಾಣದ ಹೆಸರೂ ಮುಂದಿನ ನಿಲ್ದಾಣದ ಹೆಸರೂ ಎಡಬಲಗಳಲ್ಲಿ ಇರುವುವು. ರೋಮನ್ ಅಕ್ಷರ ಬಲ್ಲವರಿಗೆ ಅಷ್ಟೇ ಸಾಕು. ಆದರೂ ಹಿರಗಾನವನ್ನು ಕೂಡಿಸಿ ಓದಿ ಊರಿನ ಹೆಸರನ್ನು ಬಿಡಿಸಿದಾಗ, ಮೊದಲ ಬಾರಿಗೆ ಅಂಗಡಿಯ ಫಲಕವನ್ನು ಓದಿದ ಹುಡುಗನ ಸಂತೋಷವು ನಮಗೆ ಉಂಟಾಯಿತು.

ಅಕ್ಷರವೇ ಬೇಡವೆನ್ನುವವರಿಗೆ ಇನ್ನೊಂದು ಸುಲಭೋಪಾಯವಿದೆ. ಟೋಕಿಯೋದ ಪ್ರತಿಯೊಂದು ಮಾರ್ಗಕ್ಕೂ ಒಂದು ಬಣ್ಣ ಮತ್ತು ಒಂದೆರಡು ರೋಮನ್ ಅಕ್ಷರಗಳ ಗುರುತು. ಪ್ರತಿಯೊಂದು ನಿಲ್ದಾಣಕ್ಕೂ ಒಂದು ಸಂಖ್ಯೆ. ಸುರಂಗರೈಲುಗಳಿಗೆ ಈ ಸಂಖ್ಯೆಗಳನ್ನು ೨೦೦೪ರಲ್ಲಿಯೂ ಟೋಕಿಯೋದ ಜೆ.ಆರ್. ಮಾರ್ಗಗಳಿಗೆ ೨೦೧೬ರಲ್ಲಿಯೂ ಇಟ್ಟರು. ನಮ್ಮ ಮಗಳ ಮನೆಯ ನಿಲ್ದಾಣವು ತೋಝಾಯ್ ಮಾರ್ಗದ ಟಿ ೧೬. ಅಂಕಿಗಳು ಏರುತ್ತಿವೆಯೋ ಇಳಿಯುತ್ತಿವೆಯೋ ನೋಡಿಕೊಂಡರೆ ಸರಿಯಾದ ದಿಕ್ಕಿನಲ್ಲಿ ಹೋಗುತ್ತಿದ್ದೇವೆಯೇ ಎಂಬುದೂ, ಇನ್ನೆಷ್ಟು ನಿಲ್ದಾಣ ಉಳಿದಿವೆಯೆಂಬುದೂ ಹೊಳೆಯುವುದು. ನಮ್ಮ ಮನೆಯಾಕೆಗೆ ಇದನ್ನು ವಿಸ್ತಾರವಾಗಿ ಬೋಧಿಸಿದೆವು. ಬೋಧಿಸಿದವರಿಗಿಂತ ಕೇಳಿದವರೇ ಚೆನ್ನಾಗಿ ನೆನಪಿಟ್ಟರೆಂಬುದು ಮುಂದೆ ತಿಳಿದೀತು.

ಹಣ ಸಲ್ಲಿಸುವ ಬಗೆ

ಆಗ ನೂರು ಯೆನ್ನಿಗೆ ನಮ್ಮ ಐವತ್ತೈದು ರೂಪಾಯಿಯ ಆಸುಪಾಸು ಬೆಲೆಯಿತ್ತು. ಪ್ರತಿಸಲವೂ ಟಿಕೆಟ್ಟು ಕೊಳ್ಳುವ ತೊಂದರೆಯನ್ನು ತಪ್ಪಿಸಲು ಒಂದು ಬಗೆಯ ಕಾರ್ಡುಗಳಿವೆ. ಸುಯಿಕಾ ಎಂಬುದು ೨೦೦೧ರಲ್ಲಿಯೂ ಪಾಸ್ಮೋ ಎಂಬುದು ೨೦೦೭ರಲ್ಲಿಯೂ ಬಂದುವು. ಮುಂಚಿತವಾಗಿ ಹಣ ತುಂಬಿಟ್ಟು, ಒಳಹೋಗುವಾಗಲೂ ಹೊರಬರುವಾಗಲೂ ಬಾಗಿಲಿನ ಯಂತ್ರಕ್ಕೆ ಸೋಕಿಸಿದರೆ ಸರಿಯಾದ ಬಾಡಿಗೆಯು ತಾನಾಗಿಯೇ ಕಳೆಯುವುದು. ಬೇರೆ ಬೇರೆ ಪ್ರಾಂತ್ಯಗಳ ಇಂತಹ ಹತ್ತು ಕಾರ್ಡುಗಳು ೨೦೧೩ರಿಂದ ಪರಸ್ಪರ ನಡೆಯುತ್ತವೆ. ಟೋಕಿಯೋದಲ್ಲಿ ಕೊಂಡುದು ಕ್ಯೋಟೋದ ಬಸ್ಸಿನಲ್ಲಿಯೂ ಸಲ್ಲುವುದು. ಆದರೆ ಟೋಕಿಯೋದಲ್ಲಿ ಸೋಕಿಸಿ ಒಳಹೊಕ್ಕು ಕ್ಯೋಟೋದಲ್ಲಿ ಸೋಕಿಸಿ ಹೊರಬರಲು ಆಗದು. ದೂರಪ್ರಯಾಣಕ್ಕೆ ಬೇರೆ ಟಿಕೆಟ್ಟೇ ಬೇಕು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಇರಬೇಕೆಂಬುದನ್ನೂ ಮರೆಯಬಾರದು. ಪ್ರವಾಸಿಗಳಿಗೆಂದೇ ಇಪ್ಪತ್ತೆಂಟು ದಿನ ನಡೆಯುವ ಕಾರ್ಡೂ ಇದೆ. ಅದರಲ್ಲಿ ಉಳಿದ ಹಣವು ಮರಳಿ ಬಾರದಾದ್ದರಿಂದ ಸ್ವಲ್ಪಸ್ವಲ್ಪವಾಗಿ ತುಂಬುವುದು ಜಾಣತನ.

ಟಿಕೆಟ್ಟು ಕೊಳ್ಳುವವರು ಯಂತ್ರಗಳ ಮೇಲಿರುವ ನಕ್ಷೆಯಲ್ಲಿ ತಮ್ಮ ಊರಿನ ಮುಂದೆ ಬರೆದಿರುವ ದರವನ್ನು ನೋಡಿ ಅಷ್ಟು ಹಣ ಹಾಕಬೇಕು. ದರ ತಿಳಿಯದಿದ್ದರೆ ಅತ್ಯಂತ ಕಡಮೆ ಬೆಲೆಯ ಟಿಕೆಟ್ಟನ್ನು ಕೊಂಡು ಹತ್ತಬಹುದು. ಇಳಿದ ಮೇಲೆ ಬಾಗಿಲ ಬಳಿಯಲ್ಲಿ ಕೊರತೆ ತುಂಬುವ ಯಂತ್ರವೊಂದಿರುವುದು. ಅದರಲ್ಲಿ ಟಿಕೆಟ್ಟನ್ನು ಹಾಕಿದರೆ ಇನ್ನೆಷ್ಟು ಕೊಡಬೇಕೆಂದು ಹೇಳುವುದು. ಕೊಟ್ಟರಾಯಿತು. ದಂಡವಿಲ್ಲ, ಗದರಿಕೆಯಿಲ್ಲ, ಸಂಶಯದ ನೋಟವೂ ಇಲ್ಲ. ತಿಳಿಯದವನು ಕಳ್ಳನಲ್ಲ ಎಂಬ ನಂಬಿಕೆಯ ಮೇಲೆ ಈ ಏರ್ಪಾಡು ನಿಂತಿದೆ. ಪರಸ್ಥಳದ ಮುದುಕರಿಗೆ ಇದಕ್ಕಿಂತ ದೊಡ್ಡ ಉಪಚಾರವಿಲ್ಲ.

ವಿದೇಶೀಯರಿಗಾಗಿ ಜೆ.ಆರ್. ಸಂಸ್ಥೆಗಳು ಮಾರುವ ಏಳು ದಿನದ ಪಾಸನ್ನು ಕೊಳ್ಳಬೇಕೆಂದು ಹಿಂದೆ ಹೋಗಿಬಂದ ಸ್ನೇಹಿತರೊಬ್ಬರು ಬುದ್ಧಿ ಹೇಳಿದ್ದರು. ಅವರ ಕಾಲಕ್ಕೆ ಅದು ಸರಿ. ಬೆಲೆ ೨೯,೬೫೦ ಯೆನ್ ಇತ್ತು. ೨೦೨೩ರ ಅಕ್ಟೋಬರಿನಲ್ಲಿ ಅದನ್ನು ೫೦,೦೦೦ಕ್ಕೆ ಏರಿಸಿದರು. ಟೋಕಿಯೋದಿಂದ ಕ್ಯೋಟೋವಿಗೆ ವೇಗದ ಬಂಡಿಯಲ್ಲಿ ಒಂದು ಕಡೆಗೆ ಸುಮಾರು ೧೪,೦೦೦ ಯೆನ್; ಹೋಗಿಬರಲು ೨೮,೦೦೦. ಕೂಡಿ ಕಳೆದು ನೋಡಿ ಬಿಡಿ ಟಿಕೆಟ್ಟುಗಳನ್ನೇ ಕೊಂಡೆವು. ಊರೂರು ತಿರುಗುವವರಿಗೆ ಪಾಸು ಲಾಭವಾದೀತು. ಒಂದೆರಡು ಸ್ಥಳ ನೋಡುವ ಗೃಹಸ್ಥರು ಲೆಕ್ಕ ಹಾಕದೆ ಕೊಳ್ಳಬಾರದು.

ಬಂಡಿಯೊಳಗಿನ ನಡತೆ

ವೇದಿಕೆಯ ಮೇಲೆ ಬಾಗಿಲು ಬರುವ ಸ್ಥಳವನ್ನು ಗುರುತುಮಾಡಿರುವರು. ಬಂಡಿಯು ಬಂದು ಸರಿಯಾಗಿ ಆ ಗುರುತಿಗೇ ನಿಲ್ಲುವುದು. ಜನರು ಇಕ್ಕೆಲಗಳಲ್ಲಿ ಸಾಲಾಗಿ ನಿಂತು, ಇಳಿಯುವವರೆಲ್ಲರೂ ಇಳಿದ ಮೇಲೆ ಹತ್ತುವರು. ಒಳಗೆ ಫೋನಿನಲ್ಲಿ ಮಾತನಾಡುವುದು ಅಸಭ್ಯತೆ. ನಗರದ ಬಂಡಿಗಳಲ್ಲಿ ತಿನ್ನುವುದೂ ವಾಡಿಕೆಯಲ್ಲ. ನೂರಾರು ಜನರಿದ್ದರೂ ಗಾಲಿಯ ಸದ್ದು ಮಾತ್ರ ಕೇಳಿಸುವುದು. ವೃದ್ಧರಿಗೂ ಗರ್ಭಿಣಿಯರಿಗೂ ಅಶಕ್ತರಿಗೂ ಮೂಲೆಯಲ್ಲಿ ಪ್ರತ್ಯೇಕ ಆಸನಗಳಿವೆ. ಕೆಲವು ಮಾರ್ಗಗಳಲ್ಲಿ ಬೆಳಗಿನ ಹೊತ್ತು ಒಂದು ಡಬ್ಬಿಯನ್ನು ಸ್ತ್ರೀಯರಿಗಾಗಿಯೇ ಮೀಸಲಿಡುವರು. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗಿನ ನೂಕುನುಗ್ಗಲಿನಲ್ಲಿ ವಯಸ್ಸಾದವರು ಹೊರಡದಿರುವುದೇ ಲೇಸು. ರಾತ್ರಿಯಿಡೀ ಬಂಡಿಗಳು ಓಡುವುವೆಂದೂ ತಿಳಿಯಬಾರದು. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಎಲ್ಲವೂ ನಿಂತು, ಬೆಳಗಿನ ಜಾವಕ್ಕೆ ಮತ್ತೆ ಹೊರಡುವುವು.

ಬಂಡಿ ನಡೆಸುವವನು ಬಿಳಿಯ ಕೈಚೀಲ ತೊಟ್ಟ ಬೆರಳಿನಿಂದ ದೀಪವನ್ನು ತೋರಿಸಿ ಅದರ ಸ್ಥಿತಿಯನ್ನು ಗಟ್ಟಿಯಾಗಿ ಉಚ್ಚರಿಸುವುದನ್ನು ಗಾಜಿನ ಹಿಂದಿನಿಂದ ಕಂಡೆವು. ಪಕ್ಕದಲ್ಲಿ ಯಾರೂ ಇಲ್ಲ; ತನಗೆ ತಾನೇ ಹೇಳಿಕೊಳ್ಳುವನು. ಕಣ್ಣು, ಕೈ, ಬಾಯಿ ಮೂರನ್ನೂ ಒಂದೇ ವಿಷಯದಲ್ಲಿ ತೊಡಗಿಸಿದರೆ ಮನಸ್ಸು ಬೇರೆಡೆಗೆ ಹರಿಯಲಾರದು, ತಪ್ಪು ಬಹುಮಟ್ಟಿಗೆ ಕಡಮೆಯಾಗುವುದು ಎಂಬುದು ಇದರ ತತ್ತ್ವ. ಸಂಧ್ಯಾವಂದನೆಯಲ್ಲಿ ಅಂಗಗಳನ್ನು ಮುಟ್ಟಿ ಮಂತ್ರ ಹೇಳುವ ನ್ಯಾಸವು ನಮಗೆ ನೆನಪಾಯಿತು. ನಾವು ಅದನ್ನು ದಿನವೂ ಮಾಡುತ್ತ ಮನಸ್ಸನ್ನು ಅಡಿಗೆಯ ಮನೆಯಲ್ಲಿ ಬಿಟ್ಟಿರುತ್ತೇವೆ. ಆತನು ಸಾವಿರ ಜನರ ಪ್ರಾಣವನ್ನು ಹೊತ್ತಿರುವುದರಿಂದ ಹಾಗೆ ಬಿಡಲಾರನು.

ಕಾಲದ ವಿಷಯದಲ್ಲಿ ಅವರ ನಿಷ್ಠೆ ಲೋಕಪ್ರಸಿದ್ಧ. ಬಂಡಿ ತಡವಾದರೆ ಪ್ರಯಾಣಿಕರು ಕಚೇರಿಯಲ್ಲಿ ತೋರಿಸಲೆಂದು ರೈಲಿನವರೇ ತಡದ ಪ್ರಮಾಣಪತ್ರವನ್ನು ಕೊಡುವರು. ೨೦೧೭ರ ನವೆಂಬರಿನಲ್ಲಿ ಟೋಕಿಯೋ ಬಳಿಯ ಸುಕುಬಾ ಮಾರ್ಗದ ಒಂದು ಬಂಡಿಯು ಇಪ್ಪತ್ತು ಸೆಕೆಂಡು ಮುಂಚಿತವಾಗಿ ಹೊರಟಿತೆಂದು ಅದರ ಆಡಳಿತದವರು ಬಹಿರಂಗವಾಗಿ ಕ್ಷಮೆ ಕೇಳಿದರು. ಇಂತಹ ಸೂಕ್ಷ್ಮದ ಪ್ರಯೋಜನವೇನೆಂದು ನಾವು ಮೊದಲು ನಕ್ಕಿದ್ದೆವು. ನಗುವು ಹೆಚ್ಚುದಿನ ಉಳಿಯಲಿಲ್ಲ.

ಒಂದು ಪ್ರದಕ್ಷಿಣೆ

ಟೋಕಿಯೋ ನಗರದ ನಡುವೆ ಯಾಮಾನೊತೆ ಎಂಬ ವರ್ತುಲಮಾರ್ಗವಿದೆ. ೧೯೨೫ರಲ್ಲಿ ಅದರ ಸುತ್ತು ಪೂರ್ಣವಾಯಿತು. ಉದ್ದ ಮೂವತ್ತನಾಲ್ಕೂವರೆ ಕಿಲೋಮೀಟರು; ೨೦೨೦ರಲ್ಲಿ ಒಂದು ಹೊಸ ನಿಲ್ದಾಣ ಸೇರಿದ ಮೇಲೆ ಒಟ್ಟು ನಿಲ್ದಾಣಗಳು ಮೂವತ್ತು; ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ನಾವಿಬ್ಬರೂ ಹೊರಟ ಮೊದಲ ದಿನ, ಹರಾಜುಕು ನಿಲ್ದಾಣದ ಬಳಿಯಿರುವ ಮೆಯ್‍ಜಿ ಚಕ್ರವರ್ತಿಯ ಸ್ಮಾರಕದೇವಾಲಯವನ್ನು ನೋಡಬೇಕೆಂದು, ನಿಶಿ-ಕಸಾಯಿಯಿಂದ ಓತೆಮಾಚಿಗೆ ಬಂದು, ನೆಲದೊಳಗೆಯೇ ನಡೆದು ಟೋಕಿಯೋ ನಿಲ್ದಾಣದಲ್ಲಿ ಈ ಮಾರ್ಗದ ಬಂಡಿಯನ್ನು ಹತ್ತಿದೆವು. “ಇದು ಊರನ್ನು ಬಲಗೊಂಡು ಸುತ್ತಿಬರುವ ಬಂಡಿ. ಕುಳಿತೇ ಇದ್ದರೆ ಹತ್ತಿದಲ್ಲಿಗೇ ಬಂದು ಸೇರುತ್ತೇವೆ” ಎಂದು ಮನೆಯಾಕೆಗೆ ಹೇಳಿದೆವು. ಆಕೆ ತಲೆದೂಗಿ ಕಿಟಕಿಯಾಚೆ ನೋಡುತ್ತ ಕುಳಿತಳು.

ಹರಾಜುಕುವಿಗೆ ಮುಂಚಿನ ಒಂದು ನಿಲ್ದಾಣದಲ್ಲಿ ಬಹುಮಂದಿ ಎದ್ದರು. ಜನರೊಡನೆ ನಾವೂ ಎದ್ದೆವು. “ಬಾ, ಬಂತು” ಎಂದು ಹೇಳಿ ಮುಂದಾಗಿ ಇಳಿದೆವು. ಇಳಿದು ಹಿಂದಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಮನೆಯಾಕೆ ಒಳಗೇ ಇದ್ದಳು. ಗಾಜಿನ ಹಿಂದೆ ಆಕೆಯ ಮುಖವು ಒಂದು ಕ್ಷಣ ಕಂಡಿತು, ಬಂಡಿಯು ಹೊರಟುಹೋಯಿತು. ಫಲಕವನ್ನು ನೋಡಿದರೆ ಅದು ನಾವು ಇಳಿಯಬೇಕಾದ ನಿಲ್ದಾಣವೇ ಅಲ್ಲ. ಅಂಕಿಯನ್ನು ನೋಡಬೇಕೆಂದು ಉಪದೇಶಿಸಿದ ಮಹನೀಯರೇ ಅಂಕಿಯನ್ನು ನೋಡಿರಲಿಲ್ಲ.

ವಾಚಕರೇ, ಆ ಘಳಿಗೆಯನ್ನು ಹೇಗೆ ಬಣ್ಣಿಸೋಣ? ಫೋನು ನಮ್ಮ ಜೇಬಿನಲ್ಲಿ. ಮಗಳು ಜಪಾನೀ ಭಾಷೆಯಲ್ಲಿ ವಿಳಾಸ ಬರೆದುಕೊಟ್ಟ ಚೀಟಿಯೂ ನಮ್ಮ ಜೇಬಿನಲ್ಲಿ. ಹಣವೂ ನಮ್ಮಲ್ಲಿ. ಆಕೆಯ ಬಳಿ ಕಾರ್ಡೊಂದು, ಬುತ್ತಿಯ ಚೀಲವೊಂದು. ಆಕೆಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮಗಳಿಗೆ ಫೋನು ಮಾಡೋಣವೇ ಎಂದರೆ, ಬೇಡವೆಂದವಳಿಗೆ ಏನೆಂದು ಹೇಳುವುದು? ಮುಂದಿನ ಬಂಡಿಯನ್ನು ಹತ್ತಿ ಹೋಗೋಣವೇ ಎಂದರೆ, ಆಕೆ ಎದುರು ಬಂಡಿಯಲ್ಲಿ ಹಿಂದಿರುಗಿ ಬಂದರೆ ಗತಿಯೇನು?

ನಮ್ಮ ಮುಖವನ್ನು ಕಂಡು ನಿಲ್ದಾಣದ ಯುವಕನೊಬ್ಬನು ತಾನಾಗಿಯೇ ಬಂದನು. ಆತನ ಕೈಯಲ್ಲಿ ಭಾಷಾಂತರ ಮಾಡುವ ಯಂತ್ರವಿತ್ತು. ಹರುಕುಮುರುಕಾಗಿ ಸಂಗತಿಯನ್ನು ತಿಳಿಸಿದೆವು. ಆಕೆಯ ವಯಸ್ಸೆಷ್ಟು ಎಂದು ಕೇಳಿದನು, ಹೇಳಿದೆವು. ಉಟ್ಟಿರುವುದೇನು ಎಂದನು, ಸೀರೆ ಎಂದೆವು. ಬಣ್ಣ ಯಾವುದು ಎಂದನು. ನಮ್ಮ ಬಾಯಿ ಕಟ್ಟಿಹೋಯಿತು. ಮೂವತ್ತೈದು ವರ್ಷದ ಸಂಸಾರ. ಆ ಬೆಳಗ್ಗೆ ಎರಡು ಗಂಟೆಯ ಕಾಲ ಪಕ್ಕದಲ್ಲಿಯೇ ಇದ್ದವಳು. ಉಟ್ಟ ಸೀರೆಯ ಬಣ್ಣವು ನಮಗೆ ತಿಳಿಯದು. ಅಮರಕೋಶದ ಪರ್ಯಾಯಪದಗಳನ್ನು ತಪ್ಪಿಲ್ಲದೆ ಹೇಳಬಲ್ಲ ಪಂಡಿತನು ಆ ಹುಡುಗನ ಮುಂದೆ ತಲೆ ತಗ್ಗಿಸಿ ನಿಂತನು. ಆತನು ನಗಲಿಲ್ಲ. ಹಣೆಯಲ್ಲಿ ಕುಂಕುಮವಿದೆಯೆಂದು ಬೆರಳಿನಿಂದ ತೋರಿಸಿದೆವು. ಅಷ್ಟನ್ನೇ ಕೇಳಿಕೊಂಡು ಮುಂದಿನ ನಿಲ್ದಾಣಗಳಿಗೆ ಫೋನಿನಲ್ಲಿ ತಿಳಿಸಿದನು. ಅಂತಹವರು ಯಾರೂ ಇಳಿಯಲಿಲ್ಲವೆಂದು ಒಂದೊಂದಾಗಿ ಉತ್ತರ ಬಂದವು. ಆತನು ನಾವು ಇಳಿದ ಬಾಗಿಲಿನ ಗುರುತನ್ನು ನೆಲದ ಮೇಲೆ ತೋರಿಸಿ, ಅಲ್ಲಿಯೇ ಇರಿರೆಂದು ಸನ್ನೆಮಾಡಿ, ಹತ್ತಿರದಲ್ಲಿಯೇ ಒಂದು ಕುರ್ಚಿಯನ್ನು ತಂದಿಟ್ಟನು.

ಒಂದರ ಹಿಂದೊಂದು ಬಂಡಿಗಳು ಬಂದುವು, ಹೋದುವು. ಪ್ರತಿಯೊಂದೂ ಅದೇ ಗುರುತಿಗೆ ಬಂದು ನಿಂತಿತು. ಪ್ರತಿಯೊಂದರ ಬಾಗಿಲೂ ನಮ್ಮ ಮುಂದೆಯೇ ತೆರೆಯಿತು. ಒಂದು ಗಂಟೆ ಐದು ನಿಮಿಷವಾದ ಮೇಲೆ ಹೀಗೆ ತೆರೆದ ಬಾಗಿಲಿನಿಂದ ನಮ್ಮ ಮನೆಯಾಕೆ ಬುತ್ತಿಯ ಚೀಲದೊಡನೆ ನಿಧಾನವಾಗಿ ಇಳಿದಳು.

“ನೀವೇ ಹೇಳಿದ್ದಿರಲ್ಲ, ಕುಳಿತೇ ಇದ್ದರೆ ಸುತ್ತಿಕೊಂಡು ಬರುತ್ತದೆಂದು. ಬಾಗಿಲು ಮುಚ್ಚಿದೊಡನೆ ಕಂಬದ ಮೇಲಿನ ಅಂಕಿ ನೋಡಿಕೊಂಡೆ. ಅದು ಮತ್ತೆ ಬರುವತನಕ ಕುಳಿತಿದ್ದೆ. ನೀವು ಒಂದು ಕಡೆ ನಿಲ್ಲುವವರಲ್ಲ. ನಾನೂ ಹುಡುಕಿಕೊಂಡು ಹೊರಟರೆ ಇಬ್ಬರೂ ಸಿಕ್ಕುವುದಿಲ್ಲ. ಒಬ್ಬರಾದರೂ ಕುಳಿತಲ್ಲಿ ಕುಳಿತಿರಬೇಕು” ಎಂದಳು. ಧ್ವನಿ ಸ್ಥಿರವಾಗಿಯೇ ಇತ್ತು. ಕಾರ್ಡನ್ನು ಹಿಡಿದ ಕೈ ಮಾತ್ರ ಇನ್ನೂ ನಡುಗುತ್ತಿತ್ತು.

ಸೀರೆಯು ಅರಿಸಿನದ ಬಣ್ಣದ್ದು, ಹಸುರು ಅಂಚಿನದು. ಹಿಂದಿನ ವರ್ಷದ ಗೌರೀಹಬ್ಬಕ್ಕೆ ನಾವೇ ತಂದುಕೊಟ್ಟದ್ದಂತೆ.

ಆ ಯುವಕನಿಗೆ ಏನಾದರೂ ಕೊಡೋಣವೆಂದರೆ ಆ ದೇಶದಲ್ಲಿ ಇನಾಮು ಕೊಡುವ ಪದ್ಧತಿಯಿಲ್ಲ. ಕೈಮುಗಿದೆವು, ಆತನು ನಮಗಿಂತ ತಗ್ಗಾಗಿ ಬಾಗಿದನು. ಆಮೇಲೆ ತಿಳಿದುದೇನೆಂದರೆ, ಆ ಮಾರ್ಗದ ಎಲ್ಲ ಬಂಡಿಗಳೂ ಸುತ್ತು ಮುಗಿಸುವುದಿಲ್ಲ; ಕೆಲವು ಓಸಾಕಿ ಅಥವಾ ಇಕೆಬುಕುರೋ ನಿಲ್ದಾಣದಲ್ಲಿಯೇ ನಿಂತುಬಿಡುವುವು. ನಮ್ಮ ಪುಣ್ಯದಿಂದ ಆಕೆಯ ಬಂಡಿ ನಿಲ್ಲಲಿಲ್ಲ.

ವೇಗದ ಬಂಡಿ, ಹಳೆಯ ರಾಜಧಾನಿಗಳು

ವಾರದ ಕಡೆಯಲ್ಲಿ ಕ್ಯೋಟೋವಿಗೆ ಶಿಂಕಾನ್‍ಸೆನ್ ಎಂಬ ವೇಗದ ಬಂಡಿಯಲ್ಲಿ ಹೋದೆವು. ೧೯೬೪ನೆಯ ಅಕ್ಟೋಬರ್ ಒಂದರಂದು, ಟೋಕಿಯೋದ ಒಲಿಂಪಿಕ್ ಪಂದ್ಯಗಳಿಗೆ ಕೆಲವೇ ದಿನ ಮುಂಚೆ, ಟೋಕಿಯೋದಿಂದ ಒಸಾಕಾವರೆಗಿನ ೫೧೫ ಕಿಲೋಮೀಟರುಗಳಲ್ಲಿ ಇದು ಮೊದಲಾಯಿತು. ಅದಕ್ಕೆ ಮುಂಚೆ ಆರೂವರೆ ಗಂಟೆ ಹಿಡಿಯುತ್ತಿದ್ದ ದಾರಿ ಮೊದಲು ನಾಲ್ಕು ಗಂಟೆಗೆ ಇಳಿದು, ಈಗ ಎರಡೂವರೆ ಗಂಟೆಯಷ್ಟಾಗಿದೆ. ಅಂದಿನಿಂದ ಇಂದಿನವರೆಗೆ ಹಳಿ ತಪ್ಪಿಯಾಗಲಿ ಡಿಕ್ಕಿ ಹೊಡೆದಾಗಲಿ ಇದರಲ್ಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಈ ಮಾರ್ಗದಲ್ಲಿ ನಿಲ್ಲುವ ಸ್ಥಳಗಳನ್ನನುಸರಿಸಿ ಬಂಡಿಗಳಲ್ಲಿ ಮೂರು ತರಗತಿ. ಎಲ್ಲ ಕಡೆಯೂ ನಿಲ್ಲುವುದು ಕೊದಾಮಾ, ಅಂದರೆ ಪ್ರತಿಧ್ವನಿ; ಅದಕ್ಕಿಂತ ಬೇಗನೆಯದು ಹಿಕಾರಿ, ಅಂದರೆ ಬೆಳಕು; ಎಲ್ಲಕ್ಕಿಂತ ಬೇಗನೆಯದು ನೊಝೋಮಿ, ಅಂದರೆ ಆಶೆ. ಶಬ್ದಕ್ಕಿಂತ ಬೆಳಕು ಶೀಘ್ರವೆಂಬುದು ಶಾಸ್ತ್ರ. ಬೆಳಕಿಗಿಂತ ಆಶೆಯು ಶೀಘ್ರವೆಂಬುದು ಲೋಕಾನುಭವ. ಹೆಸರಿಟ್ಟವನು ರಸಿಕನೇ ಇರಬೇಕು.

ಕ್ಯೋಟೋವಿಗೆ ಹೋಗುವಾಗ ಬಲಗಡೆಯ ಕಿಟಕಿಯ ಆಸನವನ್ನು ಕೇಳಿ ಪಡೆಯತಕ್ಕದ್ದು. ಆಕಾಶ ನಿರ್ಮಲವಾಗಿದ್ದರೆ ಮುಕ್ಕಾಲು ಗಂಟೆಯೊಳಗಾಗಿ ಫೂಜಿಪರ್ವತದ ದರ್ಶನವಾಗುವುದು. ಈ ಬಂಡಿಯಲ್ಲಿ ಊಟಮಾಡಲು ಅಡ್ಡಿಯಿಲ್ಲ. ನಿಲ್ದಾಣಗಳಲ್ಲಿ ಮಾರುವ ಬುತ್ತಿಗಳು ನೋಡಲು ಅಂದ. ಆದರೆ ತರಕಾರಿಯ ಪದಾರ್ಥದಲ್ಲಿಯೂ ಮ���ನಿನ ಸಾರು ಸೇರಿರುವುದು ಸಾಮಾನ್ಯವಾದ್ದರಿಂದ, ಶಾಕಾಹಾರಿಗಳು ಮನೆಯ ಬುತ್ತಿಯನ್ನು ಒಯ್ಯುವುದೇ ಉತ್ತಮ. ಫೂಜಿಪರ್ವತವನ್ನು ನೋಡುತ್ತ ಪುಳಿಯೋಗರೆ ಉಂಡೆವು. ಕಸದ ತೊಟ್ಟಿಗಳು ಅಲ್ಲಿ ಅಪರೂಪ. ೧೯೯೫ರಲ್ಲಿ ಟೋಕಿಯೋದ ಸುರಂಗರೈಲಿನಲ್ಲಿ ದುಷ್ಟರು ವಿಷವಾಯುವನ್ನು ಬಿಟ್ಟ ಮೇಲೆ ತೊಟ್ಟಿಗಳನ್ನು ಬಹಳ ಮಟ್ಟಿಗೆ ತೆಗೆದುಹಾಕಿದರು. ಎಲೆಯನ್ನೂ ಕಾಗದವನ್ನೂ ಕಟ್ಟಿಡಲು ಒಂದು ಚೀಲ ಸಂಗಡವಿರಲಿ.

ಉದ್ದ, ಅಗಲ, ಎತ್ತರಗಳನ್ನು ಕೂಡಿದರೆ ೧೬೦ ಸೆಂಟಿಮೀಟರಿಗೆ ಮೀರುವ ಪೆಟ್ಟಿಗೆಯನ್ನು ಈ ಮಾರ್ಗದಲ್ಲಿ ಒಯ್ಯಬೇಕಾದರೆ ೨೦೨೦ರಿಂದ ಅದಕ್ಕೆ ತಕ್ಕ ಆಸನವನ್ನು ಮುಂಗಡವಾಗಿ ಕಾದಿರಿಸಬೇಕೆಂಬ ನಿಯಮವಿದೆ. ಅದಕ್ಕಿಂತಲೂ ಸುಲಭವಾದುದು ಗಂಟನ್ನು ಮುಂದಾಗಿ ಕಳುಹಿಸಿಬಿಡುವುದು. ಮನೆಬಾಗಿಲಿನಿಂದ ಮನೆಬಾಗಿಲಿಗೆ ಪೆಟ್ಟಿಗೆ ಸಾಗಿಸುವ ವ್ಯವಸ್ಥೆಯು ಅಲ್ಲಿ ೧೯೭೬ರಿಂದ ಇದೆ. ಟೋಕಿಯೋದಲ್ಲಿ ಕೊಟ್ಟುದು ಮಾರನೆಯ ದಿನ ಕ್ಯೋಟೋದ ವಸತಿಗೃಹದಲ್ಲಿ ನಮ್ಮನ್ನು ಕಾಯುತ್ತಿತ್ತು. ಮೆಟ್ಟಿಲುಗಳನ್ನು ಹತ್ತಿಳಿಯುವ ಮಂಡಿನೋವಿನವರಿಗೆ ಇದು ವರದಂತಿದೆ.

ಕ್ಯೋಟೋದಲ್ಲಿ ಸುರಂಗಮಾರ್ಗಗಳು ಎರಡೇ. ಮಿಕ್ಕ ಕಡೆಗೆ ಬಸ್ಸು. ನಗರದ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಿ, ಇಳಿಯುವಾಗ ಮುಂದಿನ ಬಾಗಿಲಲ್ಲಿ ಚಾಲಕನ ಬಳಿಯ ಪೆಟ್ಟಿಗೆಗೆ ಹಣ ಹಾಕಬೇಕು. ಸರಿಯಾದ ಚಿಲ್ಲರೆಯೇ ಬೇಕು. ನಾಣ್ಯ ಒಡೆಯುವ ಯಂತ್ರವೂ ಅಲ್ಲಿಯೇ ಇರುವುದು. ಯಾತ್ರಿಕರ ಸಂದಣಿ ವಿಪರೀತವಾದ್ದರಿಂದ, ರೈಲು ಹೋಗುವಷ್ಟು ದೂರ ರೈಲಿನಲ್ಲಿ ಹೋಗಿ ಮಿಕ್ಕುದನ್ನು ನಡೆಯುವುದೇ ವಿವೇಕ. ಸಾವಿರಾರು ಕೆಂಪು ತೋರಣದ್ವಾರಗಳ ಫುಶಿಮಿ ಇನಾರಿ ದೇವಾಲಯವು ಕ್ಯೋಟೋದಿಂದ ಜೆ.ಆರ್. ಮಾರ್ಗದಲ್ಲಿ ಎರಡನೆಯ ನಿಲ್ದಾಣದ ಎದುರಿಗೇ ಇದೆ. ಅದೇ ಮಾರ್ಗವು ಮುಂದೆ ನಾರಾ ನಗರಕ್ಕೆ ಹೋಗುವುದು. ವೇಗವಾಗಿ ಹೋಗುವ ಬಂಡಿಗೆ ಮುಕ್ಕಾಲು ಗಂಟೆಯ ದಾರಿ.

ನಾರಾಕ್ಕೆ ನಾವು ಹೋದುದು ಒಬ್ಬ ಭಾರತೀಯನ ಸ್ಮರಣೆಗಾಗಿ. ಅಲ್ಲಿನ ತೋದಾಯ್‍ಜಿ ವಿಹಾರದಲ್ಲಿ ಸುಮಾರು ಹದಿನೈದು ಮೀಟರು ಎತ್ತರದ ಕಂಚಿನ ಬುದ್ಧವಿಗ್ರಹವಿದೆ. ೭೫೨ರಲ್ಲಿ ಅದರ ನೇತ್ರೋನ್ಮೀಲನವನ್ನು ಮಾಡಿದವನು ನಮ್ಮ ದೇಶದಿಂದ ಚೀನಾದ ಮಾರ್ಗವಾಗಿ ೭೩೬ರಲ್ಲಿ ಅಲ್ಲಿಗೆ ಬಂದ ಬೋಧಿಸೇನನೆಂಬ ಭಿಕ್ಷು. ಆತನು ಹಿಡಿದ ಕುಂಚಕ್ಕೆ ದಾರಗಳನ್ನು ಕಟ್ಟಿ, ನೆರೆದವರು ಆ ದಾರಗಳನ್ನು ಹಿಡಿದು ಪುಣ್ಯಭಾಗಿಗಳಾದರಂತೆ. ಆತನಿಗೆ ಅಂಕಿಯ ಫಲಕವಿರಲಿಲ್ಲ, ಕಾರ್ಡಿರಲಿಲ್ಲ, ಮರಳಿ ಬರುವ ಬಂಡಿಯೂ ಇರಲಿಲ್ಲ. ೭೬೦ರಲ್ಲಿ ಅಲ್ಲಿಯೇ ಮುಗಿದನು. ನಿಲ್ದಾಣದ ಫಲಕದ ಮೇಲೆ ‘ನ’, ‘ರ’ ಎಂಬ ಎರಡು ಅಕ್ಷರಗಳನ್ನು ಹಿರಗಾನದಲ್ಲಿ ಓದಿಕೊಂಡಾಗ ಅವನ ನೆನಪಿನಿಂದ ನಮ್ಮ ಕಣ್ಣು ತೇವವಾಯಿತು.

ಹೊರಡುವವರಿಗೆ ನಾಲ್ಕು ಮಾತು

ಗಂಡಹೆಂಡಿರಲ್ಲಿ ಒಬ್ಬರೇ ಎಲ್ಲವನ್ನೂ ಇಟ್ಟುಕೊಳ್ಳಬಾರದು. ಇಬ್ಬರ ಬಳಿಯೂ ಜಪಾನೀ ಭಾಷೆಯ ವಿಳಾಸದ ಚೀಟಿ, ಮನೆಯ ನಿಲ್ದಾಣದ ಸಂಖ್ಯೆ, ಸ್ವಲ್ಪ ಹಣ, ಸಾಧ್ಯವಾದರೆ ಫೋನು ಇರತಕ್ಕದ್ದು. ಅಗಲಿದರೆ ಯಾರು ನಿಲ್ಲಬೇಕು, ಯಾರು ಬರಬೇಕೆಂಬುದನ್ನು ಹೊರಡುವ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕು. ಬಂಡಿಯೊಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ನಿಲ್ಲುವುದು, ಹಿಂದುಳಿದವರು ಮುಂದಿನ ಬಂಡಿಯಲ್ಲಿ ಅಲ್ಲಿಗೆ ಹೋಗುವುದು ಎಂಬುದು ನಾವು ಆ ಮೇಲೆ ಮಾಡಿಕೊಂಡ ನಿಯಮ. ಜನರು ಎದ್ದರೆಂದು ಏಳಬಾರದು. ಅಂಕಿಯನ್ನು ನೋಡಿ ಏಳಬೇಕು. ಮತ್ತು ಬೆಳಗ್ಗೆ ಮನೆಬಾಗಿಲು ದಾಟುವಾಗ, ಜೊತೆಯಲ್ಲಿ ಬರುವವರು ಏನನ್ನು ಉಟ್ಟಿದ್ದಾರೆಂದು ಒಮ್ಮೆ ಕಣ್ಣೆತ್ತಿ ನೋಡಬೇಕು. ಇದಕ್ಕೆ ಜಪಾನಿಗೇ ಹೋಗಬೇಕೆಂಬುದಿಲ್ಲ.

ಆ ಸಾಯಂಕಾಲ ಮಗಳು ಕಚೇರಿಯಿಂದ ಬಂದವಳು, ನಾವು ಹೊರಗೆ ಹೋಗಿದ್ದುದನ್ನು ತಿಳಿದು ಗಾಬರಿಯಿಂದ, “ಏನೂ ತೊಂದರೆಯಾಗಲಿಲ್ಲ ತಾನೆ?” ಎಂದು ಕೇಳಿದಳು. ನಾವು ಉತ್ತರಕ್ಕೆ ತಡವರಿಸುತ್ತಿರುವಾಗ ಮನೆಯಾಕೆ ಅಡಿಗೆಯ ಮನೆಯಿಂದಲೇ, “ಏನಿಲ್ಲಮ್ಮ, ಊರು ದೊಡ್ಡದು, ಒಂದು ಸುತ್ತು ಹೆಚ್ಚಾಗಿ ಬಂದೆವು” ಎಂದಳು. ಮಾರನೆಯ ದಿನದಿಂದ ಮಗಳು ತಡೆಯಲಿಲ್ಲ. ಈ ಲೇಖನವು ಅಚ್ಚಾಗಿ ಕೈಸೇರಿದಾಗಲೇ ಆಕೆಗೆ ನಿಜಸಂಗತಿ ತಿಳಿಯತಕ್ಕದ್ದು. ಅಷ್ಟರೊಳಗೆ ಆಕೆಯ ಕೋಪವು ಶಮನವಾಗಿರಲೆಂದೂ, ವಾಚಕರೆಲ್ಲರ ಪ್ರಯಾಣವು ಸುಖಕರವಾಗಲೆಂದೂ ಹಾರೈಸಿ ಇಲ್ಲಿಗೆ ಮುಗಿಸುತ್ತೇವೆ.